ಎಡ ಪುಟದಿಂದ ಬಲ ಪುಟಕ್ಕೆ

ಐವತ್ತು ದಾಟಿದ ಮೇಲೆ ಮತ್ತೆ ಕಲಿಯಲು ಕೂತವರಿಗೆ ಪೇಚಾಟ ಆಗುತ್ತಲೇ ಇರುತ್ತದೆ. ನನಗೆ ಸ್ವಲ್ಪ ಹೆಚ್ಚೇ ಆಗಿದೆ. ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕಿ. ಹದಿನೆಂಟು ವರ್ಷ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸಿದೆ. ಹೋದ ವರ್ಷ ಅದರ ಜಾಗಕ್ಕೆ ಪೈಥಾನ್ ಎಂಬ ಬೇರೆ ಭಾಷೆ ಬಂತು. ಪ್ರಿನ್ಸಿಪಾಲರು ಕರೆದು, ರಜೆಯೊಳಗೆ ಕಲಿತು ಒಂದು ಪಾಠ ಮಾಡಿ ತೋರಿಸಿದರೆ ಮುಂದುವರಿಸುತ್ತೇವೆ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದರು. ತಲೆಯಾಡಿಸಿ ಬಂದೆ. ಮನೆ ಸೇರುವ ತನಕ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಬಸ್ಸಿನಲ್ಲಿ ಬಂದ ಪುಸ್ತಕ

ಅಂಗಡಿಯ ಪುಸ್ತಕಗಳು ಏನೂ ಗೊತ್ತಿಲ್ಲದವರಿಗಾಗಿ ಬರೆದವು. ಸಿ ಕಲಿಸಿದ ನಮ್ಮಂಥವರ ಕಷ್ಟ ಬೇರೆ, ಗೊತ್ತಿದ್ದದ್ದೇ ಅಡ್ಡ ಬರುತ್ತಿತ್ತು. ನನಗಿಂತ ಮೊದಲೇ ಈ ಪಾಡು ಪಟ್ಟ ಸಾಗರದ ಗೆಳತಿ ಒಂದು ನೋಟ್‌ಬುಕ್ ಮಾಡಿಟ್ಟಿದ್ದಳು. ಎಡ ಪುಟದಲ್ಲಿ ಸಿ ಪ್ರೋಗ್ರಾಂ, ಬಲ ಪುಟದಲ್ಲಿ ಅದೇ ಕೆಲಸ ಪೈಥಾನಿನಲ್ಲಿ. ಅದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮೊದಲು ಹೊಸನಗರಕ್ಕೆ ಹೋಯಿತು. ಅಲ್ಲಿ ನಮ್ಮಂತೆಯೇ ಸಿಕ್ಕಿಬಿದ್ದ ಮೇಷ್ಟ್ರೊಬ್ಬರು ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದು, ನನಗೆ ಕಳಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಕೊಡಲು ಕಂಡಕ್ಟರ್ ಹಿಂದೆಮುಂದೆ ನೋಡಿದ. ದಾರಿಯಲ್ಲಿ ತೆರೆದು ನೋಡಿದ್ದನಂತೆ.

"ಮೇಡಂ, ಇದು ಅರ್ಧಂಬರ್ಧ ಆಗಿದೆ. ಎಡಗಡೆ ಪುಟ ತುಂಬ ಬರ್ದಿದಾರೆ, ಬಲಗಡೆ ಬರೀ ಎರಡೆರಡು ಸಾಲು. ನಾಳೆ ವಾಪಸ್ ತಗೊಂಡೋಗಿ ಪೂರ್ತಿ ಬರೆಸ್ಕೊಂಡ್ ಬರ್ಲಾ?"

ಎರಡೇ ಸಾಲಿನ ಕೆಲಸವನ್ನು ನಾನು ಹದಿನೆಂಟು ವರ್ಷ ಪುಟಗಟ್ಟಲೆ ಬರೆಸಿದ್ದೆ ಎಂದು ಅವನಿಗೆ ಹೇಳಲಿಲ್ಲ.

ಮರೆಯುವ ಪಾಠ

ಫೋನಿನಲ್ಲಿ ವೀಡಿಯೊ ಪಾಠಗಳನ್ನೂ ಹುಡುಕಿದೆ. ಮೊದಲ ಪಾಠದಲ್ಲೇ ಆ ಹುಡುಗ ಮೇಷ್ಟ್ರು, ಹಳೆಯ ಭಾಷೆಯನ್ನೆಲ್ಲ ಮರೆತುಬಿಡಿ ಎಂದ. ನನಗೆ ಆಗಲಿಲ್ಲ. ನಾಲ್ಕು ಸಲ ಅದನ್ನೇ ನೋಡಿದೆ. ಆಗ ತಾನೇ ಪೇಟೆಯಿಂದ ಬಂದ ನಮ್ಮನೆಯವರು ನಿಂತು ಕೇಳಿಸಿಕೊಂಡರು.

"ಮರೆಯೋದನ್ನ ಇವನ ಹತ್ರ ಕಲಿಬೇಕಾ? ನನ್ನ ಕೇಳಿದ್ರೆ ಹೇಳ್ಕೊಡ್ತಿರ್ಲಿಲ್ವಾ?"

ಕೈಚೀಲ ಇಸಿದುಕೊಂಡು ನೋಡಿದೆ. ತರಲು ಹೇಳಿದ್ದ ಸಕ್ಕರೆ ಇರಲಿಲ್ಲ.

ಮುಂದಿನ ಕ್ಲಾಸು

ರಜೆ ಮುಗಿದು ಪಾಠ ತೋರಿಸುವ ದಿನ ಪ್ರಿನ್ಸಿಪಾಲರು ಕೊನೇ ಬೆಂಚಿನಲ್ಲಿ ಕೂತರು. ಒಂದರಿಂದ ಹತ್ತರವರೆಗೆ ಅಂಕಿ ಬರೆಸುವ ಪ್ರೋಗ್ರಾಂ. ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಜಾಗದಲ್ಲಿ, ಹಳೆಯ ಅಭ್ಯಾಸದಂತೆ ಒಂದು, ಹತ್ತು ಎಂದೇ ಬರೆದೆ. ಪರದೆಯ ಮೇಲೆ ಒಂಬತ್ತಕ್ಕೇ ನಿಂತಿತು. ಪೈಥಾನ್ ಕೊನೆಯ ಅಂಕಿಯನ್ನು ಬಿಟ್ಟುಬಿಡುತ್ತದೆ, ಹತ್ತು ಬೇಕಾದರೆ ಹನ್ನೊಂದು ಅನ್ನಬೇಕು ಎಂದು ತಿದ್ದಿದೆ. ಅಷ್ಟಕ್ಕೆ ಬಿಡಬಹುದಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು, ಯಾಕೆ ಮೇಡಂ ಎಂದಳು.

ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಪುಟ ತೆರೆದೆ. ಅಂಚಿನಲ್ಲಿ ಹೊಸನಗರದ ಮೇಷ್ಟ್ರು ಬರೆದಿದ್ದರು: "ಯಾಕೆ ಅಂತ ನನಗೂ ಗೊತ್ತಿಲ್ಲ. ಮಕ್ಕಳು ಕೇಳಿದರೆ ಮುಂದಿನ ಕ್ಲಾಸಿನಲ್ಲಿ ಹೇಳುತ್ತೇನೆ ಅನ್ನಿ."

ಅಂದೆ.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಮೇಜಿನ ಹತ್ತಿರ ಬಂದರು. ಪುಸ್ತಕ ತೆರೆದೇ ಇತ್ತು. ಆ ಸಾಲನ್ನು ನಿಧಾನವಾಗಿ ಓದಿದರು. ಹದಿನೆಂಟು ವರ್ಷ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಮುಂದಿನ ಕ್ಲಾಸಿದೆ ಅಂತ ಎಲ್ಲರೆದುರು ಮಾತು ಕೊಟ್ಬಿಟ್ರಿ. ಇನ್ನು ನಿಮ್ಮನ್ನ ಬಿಡಿಸೋದು ಹೇಗೆ?" ಎಂದರು. ಮುಖದಲ್ಲಿ ನಗು ಇರಲಿಲ್ಲ. ಈ ವರ್ಷದ ಕರಾರಿಗೆ ಸಹಿ ಹಾಕಲು ಆಫೀಸಿಗೆ ಬನ್ನಿ ಎಂದು ಹೊರಟರು.

ಮರುದಿನ ನೋಟ್‌ಬುಕ್ಕನ್ನು ಸಾಗರದ ಬಸ್ಸಿಗೆ ಕೊಟ್ಟೆ. ಕೊಡುವ ಮೊದಲು ಹೊಸನಗರದವರ ಟಿಪ್ಪಣಿಯ ಕೆಳಗೆ ಒಂದು ಸಾಲು ಸೇರಿಸಿದೆ: "ಕ್ಲಾಸಿನಲ್ಲಿ ರನ್ ಮಾಡಿ ನೋಡಿದ್ದೇನೆ. ತಪ್ಪಿಲ್ಲ."