ಅಕ್ಕನ ಟೊಮೆಟೊ, ನನ್ನ ಚಾಕು

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗೆ ಇಬ್ಬರು ತಲೆಯಾಡಿಸುವವರು ಸಿಕ್ಕರೆ ಸಾಕು, ಪಾಠ ಶುರು ಮಾಡಿಬಿಡುತ್ತೇನೆ. ಕೃಷಿ ಕಾಲೇಜೊಂದರ ಸಸ್ಯರೋಗ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಗಾಜಿನ ತಟ್ಟೆ ತೊಳೆದವನು ನಾನು. ಪಾಠ ಮಾಡುವವರು ಬೇರೆ. ಅಲ್ಲಿ ಕಿವಿಗೆ ಬಿದ್ದದ್ದನ್ನು ಖರ್ಚು ಮಾಡಲು ನನಗೆ ಬಂಧುಬಳಗವೇ ಗತಿ. ಮದುವೆಯೊಂದರಲ್ಲಿ ಎಲೆಗೆ ಬಿದ್ದ ಬದನೆಕಾಯಿ ಪಲ್ಯ ನೋಡಿ ಅದರ ರೋಗಗಳನ್ನು ವಿವರಿಸಿದ್ದಕ್ಕೆ ಪಕ್ಕದವರು ಊಟದ ಮಧ್ಯೆಯೇ ಜಾಗ ಬದಲಾಯಿಸಿದ್ದರು.

ಈ ಚಾಳಿಗೆ ಬಲಿಯಾದದ್ದು ನನ್ನ ಅಕ್ಕನ ಟೊಮೆಟೊ. ಅಕ್ಕನನ್ನು ಕೊಟ್ಟಿರುವುದು ದೇವನಹಳ್ಳಿ ಹತ್ತಿರದ ಹಳ್ಳಿಗೆ. ವಿಮಾನ ನಿಲ್ದಾಣ ಬಂದ ಮೇಲೆ ಅಲ್ಲಿನ ಹೊಲಗಳು ಏನೇನೋ ಆದವು. ರಸ್ತೆ ಪಕ್ಕದ ಒಂದೆಕರೆಯನ್ನು ಟ್ಯಾಕ್ಸಿ ನಿಲ್ಲಿಸುವವರಿಗೆ ಕೊಟ್ಟುಬಿಡೋಣ ಎಂದು ಭಾವನ ಹಟ. "ಒಂದ್ ಬೆಳೆ ಟೊಮೆಟೊ ಇಡ್ತೀನಿ. ಅದು ಕೈಗೆ ಬರ್ಲಿಲ್ಲ ಅಂದ್ರೆ ಕಾರಾದ್ರೂ ನಿಲ್ಸಿ, ಲಾರಿಯಾದ್ರೂ ನಿಲ್ಸಿ" ಎಂದು ಅಕ್ಕ ಪಟ್ಟು ಹಿಡಿದಳು. ಕೋಲು ನೆಟ್ಟಳು, ದಾರ ಕಟ್ಟಿದಳು, ಕಾಯಿ ಕಚ್ಚುವ ತನಕ ತವರಿಗೂ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಫೋನು: "ಮೂಲೇಲಿ ಮೂರ್ ಗಿಡ ಹಸಿರಾಗಿದ್ದಂಗೇ ಬಾಡ್ಕೊಂಡವೆ ಕಣೋ. ನೀರ್ ಕೊಟ್ರೂ ಏಳ್ತಿಲ್ಲ. ಬಂದ್ ನೋಡು."

ಹೋದೆ. ಬಾಡಿದ ಗಿಡದ ಕಾಂಡವನ್ನು ಚಾಕುವಿನಿಂದ ಕತ್ತರಿಸಿ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂಥದ್ದು ಕೆಳಗಿಳಿಯಿತು. ದುಂಡಾಣು ಸೊರಗು ರೋಗ! ಅಕ್ಕನ ಮುಖ ಸಣ್ಣಗಾಯಿತು. ನನ್ನ ಮುಖ, ನಾಚಿಕೆಯಿಂದಲೇ ಹೇಳುತ್ತೇನೆ, ಅರಳಿತು. ಬದುವಿನ ಮೇಲೆ ಆಗಲೇ ಅಕ್ಕಪಕ್ಕದ ಹೊಲದ ನಾಲ್ಕು ಮಂದಿ ಸೇರಿದ್ದರು.

ಆ ಹಾಲಿನ ಎಳೆಯೇ ದುಂಡಾಣುಗಳು, ಅಂದರೆ ಬ್ಯಾಕ್ಟೀರಿಯಾ; ಇವು ಬೇರಿನೊಳಗೆ ನುಗ್ಗಿದ ಕೂಡಲೇ ಗಲಾಟೆ ಮಾಡುವುದಿಲ್ಲ ಎಂದು ಶುರು ಮಾಡಿದೆ. ಕೆಲವೇ ಇರುವಾಗ ರೋಗ ತರುವ ಜೀನ್‌ಗಳನ್ನು ಅವು ಬಂದ್ ಮಾಡಿಟ್ಟುಕೊಂಡಿರುತ್ತವೆ. ಆದರೆ ಪ್ರತಿಯೊಂದೂ ಒಂದು ರಾಸಾಯನಿಕವನ್ನು ಚೂರುಚೂರೇ ಹೊರಗೆ ಬಿಡುತ್ತಿರುತ್ತದೆ. ಸಂತತಿ ಬೆಳೆದಂತೆ ಅದೂ ಸುತ್ತ ತುಂಬಿಕೊಳ್ಳುತ್ತದೆ. ಒಂದು ಮಟ್ಟ ಮುಟ್ಟಿತೋ, ಸಾಕಷ್ಟು ಮಂದಿ ಆದೆವು ಎಂದು ಎಲ್ಲಕ್ಕೂ ಗೊತ್ತಾಗಿ ಆ ಜೀನ್‌ಗಳು ಚಾಲೂ ಆಗುತ್ತವೆ. ಅಂಟು ಸುರಿಸಿ ನೀರು ಹರಿಯುವ ನಾಳವನ್ನೇ ಕಟ್ಟಿಬಿಡುತ್ತವೆ. ಬುಡದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. "ಒಂಟಿಯಾಗಿದ್ರೆ ಏನೂ ಮಾಡಲ್ಲ, ಗುಂಪು ಸೇರ್ಬೇಕು" ಎಂದು ಮುಗಿಸಿದೆ.

"ನಮ್ ಹಾಲಿನ ಸೊಸೈಟಿ ಮೀಟಿಂಗ್ ಇದ್ದಂಗೆ ಅನ್ನಿ. ಕೋರಂ ಆಗೋತನಕ ಯಾರೂ ಬಾಯಿ ಬಿಡಲ್ಲ" ಎಂದರು ಒಬ್ಬ ಹಿರಿಯರು. ವಿಜ್ಞಾನಿಗಳು ಇದಕ್ಕೆ ಇಟ್ಟಿರುವ ಹೆಸರಿನಲ್ಲೂ ಅದೇ ಕೋರಂ ಇದೆ ಎಂದಾಗ ಅವರ ಖುಷಿ ಹೇಳತೀರದು. ಇನ್ನೊಬ್ಬರು, "ಚೆನ್ನಾಗಿರೋ ಗಿಡದಲ್ಲಿ ಹಾಲು ಬರಲ್ವಾ?" ಎಂದರು. ಒಳ್ಳೆಯ ಪ್ರಶ್ನೆ. ಒಂದು ಆರೋಗ್ಯವಂತ ಗಿಡದ ಕವಲು ಕತ್ತರಿಸಿ ತೋರಿಸಿದೆ. ಅಷ್ಟರಲ್ಲಿ ಹೊಸಬರು ಬಂದರು, ಮೊದಲಿಂದ ಹೇಳಬೇಕಾಯಿತು. ಬಾಡಿದ್ದೊಂದು, ಚೆನ್ನಾಗಿರುವುದೊಂದು, ಮತ್ತೆ ಬಾಡಿದ್ದೊಂದು. ನಂಬಿಕೆ ಬರಲಿ ಎಂದು ಚೆನ್ನಾಗಿರುವುದನ್ನು ಬೇರೆ ಬೇರೆ ಸಾಲಿನಿಂದ ಆರಿಸಿದೆ. ಎಂದೂ ನನ್ನ ಮಾತು ಕೇಳದ ಭಾವ ಕೂಡ ಅಂದು, "ಇನ್ನೊಂದ್ಸಲ ತೋರ್ಸಪ್ಪಾ" ಎಂದರು.

ಹತ್ತು ದಿನದ ಮೇಲೆ ಮತ್ತೆ ಫೋನು ಬಂತು. ಬಾಡಿದ್ದು ಮೂಲೆಯಲ್ಲಲ್ಲ, ಹೊಲದ ಉದ್ದಗಲಕ್ಕೂ, ನಾನು ಎಲ್ಲೆಲ್ಲಿ ಕೈಯಿಟ್ಟಿದ್ದೆನೋ ಅಲ್ಲಲ್ಲೇ. ಪ್ರಯೋಗಾಲಯದಲ್ಲಿ ಒಂದು ಗಿಡ ಕೊಯ್ದ ಚಾಕುವನ್ನು ಇನ್ನೊಂದಕ್ಕೆ ಸೋಕಿಸುವ ಮೊದಲು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಬೇಕು. ತಟ್ಟೆ ತೊಳೆಯುವುದು ಬಿಟ್ಟರೆ ಅಲ್ಲಿ ನನ್ನ ಕೆಲಸ ಅದೊಂದೇ.

ಅಲ್ಲಿಂದ ಮುಂದಕ್ಕೆ ಡ್ರಿಪ್ಪಿನ ನೀರೇ ಸಾಲು ಸಾಲಿಗೂ ರೋಗ ಹಂಚಿತು. ಕೊಯ್ಲಿಗೆ ಮೊದಲೇ ಅಕ್ಕ ಗಿಡ ಕಿತ್ತು ಸುಟ್ಟಳು. ಈಗ ಅಲ್ಲಿ ಬಿಳಿ ಟ್ಯಾಕ್ಸಿಗಳು ಸಾಲಾಗಿ ನಿಂತಿವೆ. ಭಾವ ನನ್ನನ್ನು ಕಂಡರೆ ಎದ್ದು ಕುರ್ಚಿ ಕೊಡುತ್ತಾರೆ. ಅದನ್ನು ಸಹಿಸುವುದು ಕಷ್ಟ. ಅಕ್ಕ ಬಯ್ಯಲೇ ಇಲ್ಲ. ಮೊನ್ನೆ ಹೋದಾಗ ಮುದ್ದೆ ಬಡಿಸಿ, ನಾನು ಮೊದಲ ತುತ್ತು ಮುರಿಯುವ ತನಕ ಕಾದು, ಮೆಲ್ಲಗೆ ಕೇಳಿದಳು: "ಒಂಟಿಯಾಗಿದ್ರೆ ಏನೂ ಮಾಡಲ್ಲ ಅಂದ್ಯಲ್ಲೋ. ನೀನು ಅವತ್ತು ಒಬ್ಬನೇ ತಾನೇ ಬಂದಿದ್ದು?"