ಲೋಕಲ್ ಮನುಷ್ಯನಿಗೆ ರೂಮಿಲ್ಲ

ಊರಿನಲ್ಲಿ ಇರಲು ಮನೆಯಿದೆ, ಮನೆಯಲ್ಲಿ ಹೆಂಡತಿ ಒಗ್ಗರಣೆ ಹಾಕುತ್ತಿದ್ದಾಳೆ. ಹೀಗಿದ್ದೂ ಒಬ್ಬ ಐವತ್ತು ದಾಟಿದ ಮನುಷ್ಯ ಕೈಯಲ್ಲೊಂದು ಚೀಲ ಹಿಡಿದು ಅದೇ ಊರಿನ ಲಾಡ್ಜುಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೆ ನೋಡಿದವರು ಏನು ತಿಳಿದುಕೊಳ್ಳುತ್ತಾರೆ? ಈಗ ನೀವೇನು ತಿಳಿದುಕೊಂಡಿರೋ ಅದನ್ನೇ. ಹೈದರಾಬಾದಿನ ಒಂಬತ್ತು ಲಾಡ್ಜುಗಳ ಮ್ಯಾನೇಜರುಗಳೂ ಅದನ್ನೇ ತಿಳಿದುಕೊಂಡರು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾನು ಸಭ್ಯಸ್ಥ. ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ. ಕುಡಿಯುವುದಿಲ್ಲ, ಇಸ್ಪೀಟು ಬರುವುದಿಲ್ಲ. ನನ್ನದು ಒಂದೇ ದೋಷ, ಅದೂ ನನಗೆ ಎಚ್ಚರವಿಲ್ಲದಾಗ ನಡೆಯುವಂಥದ್ದು. ನಾನು ಗೊರಕೆ ಹೊಡೆಯುತ್ತೇನೆ.

ಬಹಳ ವರ್ಷ ಇದನ್ನು ನಾನು ಒಪ್ಪಿರಲಿಲ್ಲ. ಉಸಿರು ಸ್ವಲ್ಪ ಜೋರು, ಅಷ್ಟೇ ಎಂದು ವಾದಿಸುತ್ತಿದ್ದೆ. ನನ್ನ ಹೆಂಡತಿ ಕಸ್ತೂರಿ ಬಾಗಲಕೋಟೆಯವಳು, ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. "ಕೆಳಗಿನ ಮನಿಯವ್ರು ಕೇಳಾಕತ್ತಾರ, ಅಪರಾತ್ರ್ಯಾಗ ಮಿಕ್ಸರ್ ಯಾಕ ಹಾಕ್ತೀರಿ ಅಂತ. ನಾ ಏನ್ ಹೇಳ್ಲಿ?" ಎಂದಳು ಒಂದು ದಿನ. ಚಟ್ನಿ ಅಂತ ಹೇಳು ಎಂದೆ. ಆಮೇಲೆ ಎರಡು ದಿನ ಮನೆಯಲ್ಲಿ ಚಟ್ನಿಯೂ ಇರಲಿಲ್ಲ, ಮಾತೂ ಇರಲಿಲ್ಲ.

ನಗುವ ಮಾತಲ್ಲ ಇದು. ಹನ್ನೊಂದು ವರ್ಷಗಳ ಹಿಂದೆ ಕಸ್ತೂರಿಯ ಅಣ್ಣ ಗುರುಸಿದ್ದಪ್ಪ, ಎಂದರೆ ನನ್ನ ಭಾವ, ಐದು ದಿನ ಇರುತ್ತೇನೆಂದು ನಮ್ಮ ಮನೆಗೆ ಬಂದರು. ಬಾಗಲಕೋಟೆಯಲ್ಲಿ ಅವರದು ಸ್ಟೀಲ್ ಪಾತ್ರೆಗಳ ಅಂಗಡಿ. ಮೊದಲ ರಾತ್ರಿ ಕಳೆಯಿತು. ಬೆಳಗಿನ ಜಾವ ನೋಡಿದರೆ ಮನುಷ್ಯ ಕೆಂಪು ಕಣ್ಣು ಬಿಟ್ಟುಕೊಂಡು ಬೂಟು ಹಾಕಿಕೊಂಡು ನಿಂತಿದ್ದಾರೆ. "ಅಂಗಡ್ಯಾಗ ಭಾಳ ಅರ್ಜೆಂಟ್ ಕೆಲಸ ಐತಿ ತಂಗಿ" ಎಂದು ಹೇಳಿ ಹೊರಟೇಬಿಟ್ಟರು. ಪಾತ್ರೆ ಅಂಗಡಿಯಲ್ಲಿ ಬೆಳಗಿನ ಐದು ಗಂಟೆಗೆ ಎಂಥ ಅರ್ಜೆಂಟು? ಅಂದಿನಿಂದ ಅವರು ನಮ್ಮ ಮನೆಗೆ ಬಂದಿಲ್ಲ. ಪಂಚಮಿಗೆ ತಂಗಿಯನ್ನು ಕರೆಸಿಕೊಳ್ಳುತ್ತಾರೆ, ಸೀರೆ ಕೊಡುತ್ತಾರೆ, ಉಂಡಿ ಕಟ್ಟಿ ಕಳಿಸುತ್ತಾರೆ. ನಮ್ಮಲ್ಲಿಗೆ ಬನ್ನಿ ಎಂದರೆ ಮಾತ್ರ "ನೋಡೂನು" ಎನ್ನುತ್ತಾರೆ. "ಒಡಹುಟ್ಟಿದ ಅಣ್ಣ ನನ್ನ ಮನ್ಯಾಗ ಒಂದು ದಿನಾ ನೆಟ್ಟಗ ಮಲಗಿಲ್ಲ" ಎಂದು ಕಸ್ತೂರಿ ಕಣ್ಣೊರೆಸಿಕೊಳ್ಳುವಾಗ ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತೇನೆ.

ಅಂಥ ಭಾವ ಈ ಡಿಸೆಂಬರಿನಲ್ಲಿ ತಾವಾಗಿಯೇ ಫೋನು ಮಾಡಿದರು. ಮಕ್ಕಳ ಕಾನ್ವೆಂಟಿಗೆ ಕ್ರಿಸ್ಮಸ್ ರಜೆಯಂತೆ, ಚಾರ್ಮಿನಾರ್ ನೋಡಬೇಕಂತೆ. "ಇಪ್ಪತ್ಮೂರಕ್ಕ ನಾಕೂ ಮಂದಿ ಬರ್ತೀವಿ, ಮೂರು ರಾತ್ರಿ ಇರ್ತೀವಿ." ಕಸ್ತೂರಿಯ ಸಂತೋಷ ಹೇಳತೀರದು. ಫೋನಿಟ್ಟು ತಿರುಗಿ ನನ್ನನ್ನು ನೋಡುವವರೆಗೂ ಅದು ಹಾಗೇ ಇತ್ತು.

ಅವರಿಗೊಂದು ಒಳ್ಳೆಯ ಲಾಡ್ಜಿನಲ್ಲಿ ರೂಮು ಮಾಡಿದರೆ ಹೇಗೆ ಎಂದು ನಾನು ಮೆಲ್ಲಗೆ ಕೇಳಿದೆ. ಕೇಳಬಾರದಿತ್ತು.

"ತವರುಮನಿಯವರನ್ನ ಲಾಡ್ಜಿನ್ಯಾಗ ಇಳಸ್ತೀರಿ? ನಾಳೆ ಬಾಗಲಕೋಟ್ಯಾಗ ನಾ ಹೆಂಗ ಮಾರಿ ತೋರಸ್ಲಿ? ಬೇಕಾದ್ರ ನೀವ ಹೋಗಿ ಮಲಕೋರಿ ಲಾಡ್ಜಿನ್ಯಾಗ!" ಸಿಟ್ಟಿನಲ್ಲಿ ಹೇಳಿದ ಮಾತು. ಹೇಳಿದ ಮೇಲೆ ಅದು ಅವಳಿಗೇ ಬಹಳ ಚೆನ್ನಾಗಿ ಕಂಡಿತು. ಹತ್ತೇ ನಿಮಿಷದಲ್ಲಿ ಎಲ್ಲ ತೀರ್ಮಾನವಾಯಿತು. ಹಗಲೆಲ್ಲ ನಾನು ಮನೆಯಲ್ಲಿ ಅತಿಥಿಸತ್ಕಾರ ಮಾಡುವುದು, ಸಂಜೆಯಾದ ಮೇಲೆ ಲಾಡ್ಜಿಗೆ ಹೋಗಿ ಬಿದ್ದುಕೊಳ್ಳುವುದು. ಭಾವನಿಗೆ ಮಾತ್ರ ಸುಳಿವು ಸಿಗಬಾರದು, ಸಿಕ್ಕರೆ ಸಂಕೋಚಪಟ್ಟುಕೊಂಡು ಮತ್ತೆ ಬೂಟು ಹಾಕಿಕೊಳ್ಳುತ್ತಾರೆ. ಕೋಚಿಂಗ್ ಸೆಂಟರಿನ ಹಾಸ್ಟೆಲಿನಲ್ಲಿ ಡ್ಯೂಟಿ ಎಂದು ಹೇಳುವುದು. ನಿಜವಾದ ಹಾಸ್ಟೆಲಿನಲ್ಲೇ ಮಲಗಬಹುದಿತ್ತಲ್ಲ ಎನ್ನಬೇಡಿ. ಹಿಂದೊಮ್ಮೆ ಮಲಗಿದ್ದೆ. ಹುಡುಗರು ಸಹಿ ಹಾಕಿ ಅರ್ಜಿ ಕೊಟ್ಟಿದ್ದರು.

ರಾತ್ರಿಗೆ ಸಾವಿರದೊಳಗೆ ಎಂದು ಕಸ್ತೂರಿ ಕಟ್ಟುನಿಟ್ಟು ಮಾಡಿದ್ದಳು. ಬೇರೆ ತಿಂಗಳಾದರೆ ಸಿಕ್ಕುತ್ತಿತ್ತು. ಆದರೆ ಕ್ರಿಸ್ಮಸ್ ಬಂತೆಂದರೆ ಈ ಊರಿನ ಲಾಡ್ಜಿನವರಿಗೆ ಏನಾಗುತ್ತದೋ ಶಿವನೇ ಬಲ್ಲ! ಸಿಕಂದರಾಬಾದ್ ಸ್ಟೇಷನ್ನಿನ ಎದುರಿನ ಮೊದಲ ಲಾಡ್ಜಿಗೆ ಹೋದೆ. ಬಾಗಿಲಿಗೊಂದು ಕಾಗದದ ನಕ್ಷತ್ರ, ಕೌಂಟರಿನ ಮೇಲೊಂದು ಪ್ಲಾಸ್ಟಿಕ್ ಗಿಡ, ಅದರ ಮೇಲೆ ಹಿಮವೆಂದು ಅಂಟಿಸಿದ ಹತ್ತಿ. ಕೆಂಪು ಟೋಪಿ ಹಾಕಿಕೊಂಡ ಮ್ಯಾನೇಜರು ರಾತ್ರಿಗೆ ಎರಡೂವರೆ ಸಾವಿರ ಎಂದ. ಹೋದ ತಿಂಗಳು ಎಂಟುನೂರಿತ್ತಲ್ಲಪ್ಪಾ ಎಂದರೆ "ಕ್ರಿಸ್ಮಸ್ ಸೀಜನ್ ಕದಾ ಸಾರ್" ಎಂದ. ರೂಮು ತೋರಿಸು ಎಂದೆ. ಅದೇ ಮಂಚ, ಅದೇ ಕಲೆ ಬಿದ್ದ ಚಾದರ, ಅದೇ ಸೋರುವ ನಲ್ಲಿ. ದಿಂಬು ಮಾತ್ರ ಸಪೂರವಾಗಿತ್ತು, ಗಿಡದ ಮೇಲಿನ ಹಿಮ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಮೊಬೈಲಿನಲ್ಲಿ ನೋಡಿದರೆ ಇನ್ನೂ ಚಂದ. ಒಂಬೈನೂರು ಎಂದಿದ್ದ ರೂಮು ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಸಾವಿರದ ಎಂಟುನೂರಾಯಿತು. ಹೆಂಡತಿಯನ್ನು ಕೇಳಿ ಬರುವಷ್ಟರಲ್ಲಿ ಆ ಲಾಡ್ಜೇ ಮಾಯವಾಗಿತ್ತು. ಯೇಸುಸ್ವಾಮಿ ಹುಟ್ಟಿದ ದಿನವೂ ಅವನ ತಾಯಿತಂದೆಗೆ ಊರಿನಲ್ಲಿ ಜಾಗ ಸಿಗಲಿಲ್ಲವಂತೆ. ಹಬ್ಬವನ್ನು ಲಾಡ್ಜಿನವರು ಇಷ್ಟು ನಿಷ್ಠೆಯಿಂದ ಆಚರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ನಾರಾಯಣಗೂಡದ ಒಂದು ಗಲ್ಲಿಯಲ್ಲಿ ಒಂಬೈನೂರಕ್ಕೆ ರೂಮು ಸಿಕ್ಕಿತು. ಸಿಕ್ಕೇಬಿಟ್ಟಿತು ಎಂದುಕೊಂಡೆ. ಮ್ಯಾನೇಜರು ಆಧಾರ್ ಕೇಳಿದ, ಗತ್ತಿನಿಂದ ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನತ್ತಲೇ ಸರಿಸಿದ. "ಲೋಕಲ್ ಐಡಿ ನಹೀಂ ಚಲ್ತಾ ಸಾಬ್."

ಇದೇ ಊರಿನ ವಿಳಾಸವಿದ್ದವರಿಗೆ ರೂಮು ಕೊಡುವುದಿಲ್ಲವಂತೆ! ಮನೆಯಿದ್ದವನು ಲಾಡ್ಜಿಗೆ ಯಾಕೆ ಬರುತ್ತಾನೆ? ಒಂದೋ ಇಸ್ಪೀಟಿಗೆ, ಇಲ್ಲವೇ ಹೆಂಡತಿಯ ಹತ್ತಿರ ಜಗಳಾಡಿ, ಇಲ್ಲವೇ ಹೇಳಬಾರದ ಇನ್ನೊಂದು ಕೆಲಸಕ್ಕೆ. ಹೇಗಿದ್ದರೂ ಮರುದಿನ ಪೊಲೀಸರು ಬಂದು ಕೇಳುವುದು ಮ್ಯಾನೇಜರನ್ನೇ. ಒಂದು ಕಡೆಯಲ್ಲ, ಆಮೇಲೆ ಹೋದಲ್ಲೆಲ್ಲ ಇದೇ ಪಾಠ.

ನನಗೆ ಉರಿದುಹೋಯಿತು. ಆ ವಿಳಾಸಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ನಮ್ಮೂರು ವಿಜಯಪುರದ ವಿಳಾಸ ಹೋಗಿ ಮಲ್ಕಾಜ್‌ಗಿರಿಯದು ಬರಲು ನಾಲ್ಕು ಸಲ ಕ್ಯೂ ನಿಂತಿದ್ದೇನೆ. ಸೀಮೆಸುಣ್ಣ ಹಿಡಿದೂ ಹಿಡಿದೂ ಬೆರಳಿನ ಗೆರೆ ಸವೆದು ಮಶೀನು ನನ್ನನ್ನು ಮನುಷ್ಯನೆಂದೇ ಒಪ್ಪಿರಲಿಲ್ಲ. ಹೊಸ ಕಾರ್ಡು ಬಂದ ದಿನ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿ, ಇನ್ನು ನಾನು ಪಕ್ಕಾ ಹೈದರಾಬಾದಿ ಎಂದು ಭಾಷಣ ಬೇರೆ ಮಾಡಿದ್ದೆ. ಈಗ ನೋಡಿದರೆ ಜಗತ್ತಿನ ಯಾವ ಮೂಲೆಯವನಾದರೂ ಬಂದು ಮಲಗಬಹುದು, ಪಕ್ಕಾ ಹೈದರಾಬಾದಿ ಮಾತ್ರ ಮಲಗುವ ಹಾಗಿಲ್ಲ.

ಒಬ್ಬನ ಹತ್ತಿರ ನಿಜವನ್ನೇ ಹೇಳಿ ನೋಡಿದೆ, ಗೊರಕೆ ಕಣಪ್ಪಾ, ಬೇರೇನಿಲ್ಲ ಎಂದು. ನಮ್ಮ ರೂಮುಗಳ ನಡುವೆ ಇರುವುದು ಪ್ಲೈವುಡ್ಡು, ಹಾಗಾದರೆ ಖಂಡಿತ ಕೊಡುವುದಿಲ್ಲ ಎಂದ. ಕಾಚಿಗೂಡದ ಕಡೆಯ ಒಬ್ಬ ಮುದಿ ಮ್ಯಾನೇಜರು ಮಾತ್ರ ಕುರ್ಚಿ ಕೊಟ್ಟು ಕೂರಿಸಿ, ನನ್ನ ಚೀಲವನ್ನೂ ಮುಖವನ್ನೂ ನೋಡಿ ನಿಟ್ಟುಸಿರು ಬಿಟ್ಟ. "ಗುಸ್ಸಾ ನಕ್ಕೋ ಮಾಸ್ಟರ್ ಸಾಬ್. ಘರ್ ಜಾವೋ, ಬೇಗಂ ಸೇ ಮಾಫೀ ಮಾಂಗ್ ಲೇವೋ." ಮನೆಗೆ ಹೋಗಿ ಹೆಂಡತಿಯ ಕ್ಷಮೆ ಕೇಳಬೇಕಂತೆ. ಮೇಲೆ ಒಂದು ತುಂಡು ಕೇಕು ಕೊಟ್ಟ. ಯಾವ ತಪ್ಪೂ ಮಾಡದ ನಾನು ತಲೆ ತಗ್ಗಿಸಿಕೊಂಡು ಅದನ್ನು ತಿಂದೆ.

ಇಪ್ಪತ್ತಮೂರು ಬಂತು, ಭಾವನ ಪರಿವಾರವೂ ಬಂತು, ನನ್ನ ರೂಮು ಮಾತ್ರ ಬರಲಿಲ್ಲ. ಸಂಜೆ ಆರಕ್ಕೆ ಕಸ್ತೂರಿ ಕಣ್ಣಲ್ಲೇ ಬಾಗಿಲು ತೋರಿಸಿದಳು. ಹಾಸ್ಟೆಲ್ ಡ್ಯೂಟಿ ಎಂದು ಚೀಲ ಎತ್ತಿಕೊಂಡೆ. "ನಾನೂ ಬರ್ತೀನಿ ತಡೀರಿ ಮಾಸ್ತರ, ಕುಂತು ಕುಂತು ಕಾಲು ಹಿಡದಾವು" ಎಂದು ಭಾವ ಎದ್ದೇಬಿಟ್ಟರು. ಬೇಡವೆನ್ನುವುದು ಹೇಗೆ? ಸ್ಟೇಷನ್ ರಸ್ತೆಯ ಇರಾನಿ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತಾಗ ನನಗೆ ತಡೆಯಲಾಗಲಿಲ್ಲ. ಎಲ್ಲಿ ಹೋಗಿ ಮಲಗಲಿ ಎನ್ನುವ ಸಂಕಟ. ಗೊರಕೆ, ಲಾಡ್ಜು, ಲೋಕಲ್ ಐಡಿ ಎಲ್ಲವನ್ನೂ ಕಕ್ಕಿಬಿಟ್ಟೆ.

ಭಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಆಮೇಲೆ, "ತಪ್ಪು ತಿಳ್ಕೋಬ್ಯಾಡ್ರಿ ಮಾಸ್ತರ. ಆವತ್ತ ನಾ ಮನಿ ಬೀಳಾಕತ್ತೈತಿ ಅಂತ ತಿಳಕೊಂಡಿದ್ದೆ" ಎಂದರು. ಇಬ್ಬರೂ ನಕ್ಕೆವು. ಹನ್ನೊಂದು ವರ್ಷದ ಭಾರ ಇಳಿದಂತಾಗಿ ನನಗೆ ಕಣ್ಣೂ ತುಂಬಿತು. ಭಾವ ಕಿಸೆಯಿಂದ ಕಾರ್ಡು ತೆಗೆದರು. "ನಂದು ಬಾಗಲಕೋಟಿ ಆಧಾರ್ ಐತಲ್ರಿ. ನನ್ನ ಹೆಸರಲೆ ರೂಮ್ ಹಿಡಿಯೂನು, ನೀವು ಮಲಕೋರಿ. ತಂಗಿಗೆ ಏನೂ ಹೇಳೂದು ಬ್ಯಾಡ."

ಅದೇ ಕೆಂಪು ಟೋಪಿಯವನ ಲಾಡ್ಜು. ಬಾಗಲಕೋಟೆಯ ಕಾರ್ಡು ನೋಡಿದ್ದೇ ತಡ ಅವನು ಎದ್ದು ನಿಂತು "ವೆಲ್ಕಮ್ ಸಾರ್" ಎಂದ. ಕ್ರಿಸ್ಮಸ್ ಪ್ಯಾಕೇಜು, ಮೂರು ರಾತ್ರಿ ಕಡ್ಡಾಯ, ಹಣ ಮುಂಗಡ, ವಾಪಸಿಲ್ಲ. ಕಸ್ತೂರಿಯ ಸಾವಿರದ ಗೆರೆಯನ್ನು ಮರೆತು, ಭಾವ ಬೇಡಬೇಡವೆಂದರೂ ನಾನೇ ದೊಡ್ಡಸ್ತಿಕೆಯಿಂದ ಕೊಟ್ಟೆ. ಹಣ ಡ್ರಾಯರಿಗೆ ಹೋದ ಮೇಲೆ ಅವನು ನನ್ನತ್ತ ತಿರುಗಿದ. "ಮೀದಿ?" ನನ್ನ ಕಾರ್ಡನ್ನೂ ಕೇಳುತ್ತಿದ್ದ. ಕೊಟ್ಟೆ. ನೋಡಿದ. ಲೋಕಲ್ ಮನುಷ್ಯ ಜೊತೆಗಾರನಾಗಿಯೂ ತಂಗುವಂತಿಲ್ಲವಂತೆ, ಬೇಕಾದರೆ ಅರ್ಧ ಗಂಟೆ ಕೂತು ಮಾತಾಡಿ ಹೋಗಬಹುದಂತೆ. ನಾನು ಕೂಗಾಡಿದೆ, ಭಾವ ಬೇಡಿಕೊಂಡರು. ಟೋಪಿ ಅಲ್ಲಾಡಿತೇ ಹೊರತು ಅವನು ಅಲ್ಲಾಡಲಿಲ್ಲ. ಮೇಲೆ ರೂಮಿಗೆ ಹೋದೆವು. ಭಾವ ಮಂಚದ ಮೇಲೆ ಕೂತರು, ಟೀವಿ ಹಾಕಿದರು, ಗೀಸರ್ ಒತ್ತಿದರು, ಆಮೇಲೆ ಮೆಲ್ಲಗೆ ಕಾಲು ಚಾಚಿದರು. "ಕೊಟ್ಟ ರೊಕ್ಕಾ ಯಾಕ ಹಾಳ ಮಾಡೂದ್ರಿ ಮಾಸ್ತರ? ನಾನ ಮಲಕೋತೀನಿ ಬಿಡ್ರಿ."

ಒಬ್ಬನೇ ಮನೆಗೆ ಬಂದೆ. ಕಸ್ತೂರಿ ರೊಟ್ಟಿ, ಎಣ್ಣೆಗಾಯಿ ಮಾಡಿಟ್ಟು ಅಣ್ಣನಿಗಾಗಿ ತಟ್ಟೆ ಹಾಕಿ ಕಾಯುತ್ತಿದ್ದಳು. "ಅಣ್ಣ ಎಲ್ಲಿ?"

"ಲಾಡ್ಜಿನಲ್ಲಿ."

ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಹನ್ನೊಂದು ವರ್ಷಕ್ಕ ಬಂದಾನ ನನ್ನ ಅಣ್ಣ. ಅವನ್ನ ಲಾಡ್ಜಿನ್ಯಾಗ ಇಟ್ಟ ಬಂದ್ರ್ಯಾ?" ಎಂದು ಕುಸಿದು ಕೂತಳು. ನಾನು ತೊದಲುತ್ತ ಕಥೆಯೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಭಾವನ ಹೆಂಡತಿ ಬಂದು ನಿಂತರು. "ಅಲ್ಲೆ ಇನ್ನಷ್ಟು ಜಾಗಾ ಐತೇನ್ರಿ? ಅಲ್ಲಾ, ಹೊಸಾ ಜಾಗಾದಾಗ ಅವರಿಗೆ ಒಬ್ಬರ ಮಲಗಿ ರೂಢಿ ಇಲ್ಲ. ನಂದೂ ಬಾಗಲಕೋಟಿದ ಕಾರ್ಡ್ ಐತಿ." ಅವರ ಹಿಂದೆ ಮಕ್ಕಳಿಬ್ಬರೂ ಆಗಲೇ ಚಪ್ಪಲಿ ಮೆಟ್ಟಿದ್ದರು.

ರೊಟ್ಟಿ ಎಣ್ಣೆಗಾಯಿಯನ್ನು ಡಬ್ಬಿಗೆ ತುಂಬಿ ಆಟೋದಲ್ಲಿ ಅವರನ್ನೂ ಬಿಟ್ಟುಬಂದೆ. ಮುಂದಿನ ದಿನಗಳಲ್ಲಿ ಅವರು ಬೆಳಿಗ್ಗೆ ಬಂದು ಉಂಡು ನಕ್ಕು, ಸಂಜೆ ಹೊರಟುಬಿಡುತ್ತಿದ್ದರು. ಹೋಗುವಾಗ ಭಾವ ಇಂಥ ಸುಖದ ರಜೆ ಕಂಡಿಲ್ಲವೆಂದರು. ಅದೆಲ್ಲ ಆಮೇಲಿನ ಮಾತು. ಆ ದಿನ ನಾನು ಆಟೋ ಇಳಿದು ಒಳಗೆ ಬಂದರೆ ಕಸ್ತೂರಿ ಬೀರು ತೆರೆದು, ತನ್ನ ಬಟ್ಟೆಚೀಲ ಕೆಳಗಿಳಿಸಿ, ಮಂಚದ ಮೇಲೆ ಕೂತು ತನ್ನ ಆಧಾರ್ ಕಾರ್ಡನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಳು. ನನ್ನನ್ನು ಕಂಡದ್ದೇ ಅದನ್ನು ಮಡಿಲಿಗೆ ಹಾಕಿಕೊಂಡು, ಸೋತ ದನಿಯಲ್ಲಿ, "ನಂದೂ ಮಲ್ಕಾಜ್‌ಗಿರಿದ ಮಾಡಿಸಿಬಿಟ್ಟೀರಲ್ರಿ" ಎಂದಳು.