ಯಜಮಾನರಿಗೆ ಒಂದು ನಿಮಿಷ ಮೌನ

ಯಜಮಾನರು ತೀರಿಕೊಂಡು ಎರಡು ವಾರ ಕಳೆದರೂ ಆಕೆಗೆ ಅಳು ಬಂದಿರಲಿಲ್ಲ. ಆ ದಿನದ ರಂಪಕ್ಕೆಲ್ಲ ಅದೇ ಮೂಲ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಬೇಕಿಲ್ಲದಿದ್ದರೂ ಬುಟ್ಟಿ ಈರುಳ್ಳಿ ಹೆಚ್ಚಿದ್ದಳು. ಮೂಗು ಸೋರಿತು, ಕಣ್ಣು ಮಾತ್ರ ಬೇಸಿಗೆಯ ನಲ್ಲಿಯ ಹಾಗೆ ಒಣಗಿಯೇ ಇತ್ತು. ಬೀರುವಿನಲ್ಲಿದ್ದ ಅವರ ಅಂಗಿಗೆ ಮುಖ ಒತ್ತಿದ್ದಳು. ಪೋಸ್ಟರ್ ಅಂಟಿಸುವ ಮೈದಾಹಿಟ್ಟಿನ ವಾಸನೆ ಬಂದು ಸೀನು ಬಂತು.

“ಅತ್ತಿಗೆ,” ಎಂದಳು ನಾದಿನಿ ಬೆಳಗ್ಗೆಯೇ. ಸಮಾಧಾನ ಹೇಳಲು ಬಂದವಳು ಅಲ್ಲೇ ಬೀಡುಬಿಟ್ಟಿದ್ದಳು. “ಹಾಲಿನವಳು ಕೇಳಿದ್ಲು, ನಿಮ್ಮತ್ತಿಗೆ ಅತ್ರಾ ಅಂತ. ಏನು ಹೇಳ್ಲಿ?”

“ಇನ್ನೂ ಇಲ್ಲ ಅನ್ನು.”

“ನಾನು ಹೂಂ ಅಂದ್ಬಿಟ್ಟಿದ್ದೀನಿ. ಇನ್ನು ನನ್ನ ಮಾನ ನಿಮ್ಮ ಕೈಲಿದೆ.”

ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು? ಸಾವಿನ ಮನೆ ಮಾತಿನಿಂದ ತುಂಬಿತ್ತು. ಹೋದವರಾದರೂ ಎಂಥವರು? ಊರಿಗಿದ್ದ ಒಂದೇ ರೇಡಿಯೋ ಕೇಂದ್ರ ಅವರದು. ಬೆಳಗ್ಗೆ ಕೇಂದ್ರದಲ್ಲಿ ಮಾತು, ಮಧ್ಯಾಹ್ನ ಸಂಗೀತ ಕಚೇರಿಯ ಟಿಕೆಟ್ ಮಾರುತ್ತ ಬೀದಿಯಲ್ಲಿ ಮಾತು, ಸಂಜೆ ವೇದಿಕೆಯ ಮೇಲೆ ಮಾತು. ಒಮ್ಮೆ ಕಚೇರಿಯ ನಡುವೆ ಕರೆಂಟು ಹೋದಾಗ, ಅದು ಬರುವವರೆಗೂ ಬರಿಗಂಟಲಲ್ಲಿ ಹರಟಿ ಒಬ್ಬನೇ ಒಬ್ಬನೂ ಟಿಕೆಟ್ ದುಡ್ಡು ವಾಪಸ್ ಕೇಳದಂತೆ ನೋಡಿಕೊಂಡಿದ್ದರು. ನಿದ್ದೆಯಲ್ಲೂ ಮುಂದಿನ ಹಾಡು ಯಾವುದೆಂದು ಹೇಳುತ್ತಿದ್ದರು. ಆಕೆಯ ಸಾರಿಗೆ ಉಪ್ಪು ಹೆಚ್ಚಾದದ್ದು, ಆಕೆ ಚಪ್ಪಲಿ ಅದಲುಬದಲು ಹಾಕಿಕೊಂಡು ಪೇಟೆಗೆ ಹೋದದ್ದು, ಎಲ್ಲವೂ ಮರುದಿನ ಬೆಳಗ್ಗೆ ಪ್ರಸಾರವಾಗುತ್ತಿತ್ತು. ತರಕಾರಿಯವನು ಕೂಡ ಚಪ್ಪಲಿ ನೋಡಿ ನಕ್ಕ ಮೇಲೆಯೇ ಬೆಲೆ ಹೇಳುತ್ತಿದ್ದ.

ಒಂದೇ ಒಂದು ಸಲ ಎಲ್ಲರ ಮಾತೂ ನಿಂತರೆ ಸಾಕು ಎನ್ನಿಸುತ್ತಿತ್ತು ಆಕೆಗೆ. ಗಂಟಲಲ್ಲಿ ತನ್ನ ಸರದಿಗಾಗಿ ಕಾದು ನಿಂತ ಅಳು, ಸಂದಿ ಸಿಕ್ಕಿದರೆ ಹೊರಬರುತ್ತದೆ.

ಹನ್ನೊಂದರ ಹೊತ್ತಿಗೆ ಕೇಂದ್ರದಿಂದ ಫೋನು ಬಂತು. ಮಾಡಿದವನು ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳುವವ. ಬಡಕಲು ಮೈಯಿಂದಾಗಿ ಊರಿಗೆಲ್ಲ ‘ತಂತಿ’.

“ಅಮ್ಮಾ, ಸಾಯಂಕಾಲ ಯಜಮಾನರ ನೆನಪಿನ ಕಾರ್ಯಕ್ರಮ. ನೀವು ಎರಡು ಮಾತಾಡ್ಬೇಕು.”

“ನಾನ್ಯಾಕೆ? ಅವರ ದನಿಯನ್ನೇ ಹಾಕಪ್ಪ.”

“ಅದೇ ಇಲ್ಲ ಅಮ್ಮಾ. ಇಡೀ ಕಪಾಟು ತಡಕಿದೆ. ಅವರು ಮಾತಾಡಿದ್ದೆಲ್ಲಾ ನೇರ ಪ್ರಸಾರ. ನಿನ್ನೆ ಮಾತು ಇವತ್ತು ಬಡಿಸಬಾರದು ಅಂತಿದ್ರಲ್ಲ. ಒಂದು ಕೆಮ್ಮು ಕೂಡ ಉಳಿದಿಲ್ಲ.”

ಅಷ್ಟು ಮಾತಾಡಿದವರದು ಒಂದು ಮಾತೂ ಇಲ್ಲವೇ? ಮರುಕ್ಷಣವೇ ಆಕೆಗೆ ಇನ್ನೊಂದು ಯೋಚನೆ ಹೊಳೆಯಿತು.

“ಹಾಗಾದ್ರೆ ಒಂದು ನಿಮಿಷ ಮೌನ ಮಾಡೋಣ. ನಾನು ಬಂದು ಕೂತ್ಕೋತೀನಿ. ಮಾತು ಬೇಡ. ಊರೆಲ್ಲಾ ಸುಮ್ಮನಿರಲಿ.”

ತಂತಿ ಒಪ್ಪಿದ. ಒಪ್ಪದವರು ಮನೆಯಲ್ಲಿದ್ದರು.

“ರೇಡಿಯೋದಲ್ಲಿ ಮೌನ ಮಾಡಿದ್ರೆ ನೀವು ಅಲ್ಲಿದ್ದೀರಿ ಅಂತ ಗೊತ್ತಾಗೋದು ಹೇಗೆ?” ಎಂದಳು ನಾದಿನಿ. “ಮಧ್ಯದಲ್ಲಿ ಒಂದು ಸಲ ಬಿಕ್ಕಳಿಸಿ. ಹಾಲಿನವಳೂ ಕೇಳ್ತಿರ್ತಾಳೆ.”

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಗೋಡೆಯಾಚೆಯಿಂದಲೇ ವಿಷಯ ತಿಳಿದು, ಆಕೆ ಓದಬೇಕಾದ ಭಾಷಣವನ್ನೇ ಬರೆದು ತಂದರು. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ‘ಇಲ್ಲಿ ಗದ್ಗದ’, ‘ಇಲ್ಲಿ ಎರಡು ಹನಿ’ ಎಂದು ಗುರುತು ಹಾಕಿದ್ದರು.

“ಮೌನ ಮಾಡ್ತೀನಿ ಮಾಸ್ತರ್ರೇ.”

“ಮಾಡಿ ತಾಯಿ, ಬೇಡ ಅಂದವರ್ಯಾರು? ಆದರೆ ಮೌನಕ್ಕೊಂದು ಪೀಠಿಕೆ ಬೇಕಲ್ಲ. ಅದನ್ನ ನಾನು ಹೇಳ್ತೀನಿ.”

ಸಾಯಂಕಾಲ ಮೂವರೂ ಹೊರಟು ಬಂದಾಗ ಕೇಂದ್ರದ ಮೆಟ್ಟಿಲಲ್ಲಿ ಗಾಯಕನೊಬ್ಬ ಕಾದು ನಿಂತಿದ್ದ. ಯಾರೂ ಕೇಳದಿದ್ದರೂ ಪ್ರತಿ ಹಾಡನ್ನು ಎರಡು ಸಲ ಹಾಡುತ್ತಿದ್ದುದರಿಂದ ಅವನಿಗೆ ‘ಒನ್ಸ್ ಮೋರ್’ ಎಂದು ಹೆಸರು. ಅವನನ್ನು ವೇದಿಕೆ ಹತ್ತಿಸಿದವರು ಯಜಮಾನರೇ. ಇಳಿಸಲು ಮಾತ್ರ ಅವರಿಗೂ ಕಡೆಯವರೆಗೆ ಆಗಲಿಲ್ಲ.

“ಅಕ್ಕಾ, ಬರೀ ಮೌನ ಅಂದ್ರೆ ಬೋಳುಬೋಳು. ಹಿಂದೆ ಸಣ್ಣಗೆ ಶ್ರುತಿ ಹಿಡೀತೀನಿ.”

“ಶ್ರುತಿ ಹಿಡಿದ್ರೆ ಮೌನ ಎಲ್ಲಿಂದ ಬರುತ್ತೆ?”

“ಶ್ರುತಿಯೊಳಗಿಂದ ಬರುತ್ತೆ ಅಕ್ಕಾ.”

ಸ್ಟುಡಿಯೋ ಹಾಗೆಯೇ ಇತ್ತು. ಗೋಡೆಗೆ ಸದ್ದು ಹೀರಲು ಅಂಟಿಸಿದ ಮೊಟ್ಟೆಯ ತಟ್ಟೆಗಳು, ಹಳೆಯ ಕಚೇರಿಗಳ ಮಾಸಿದ ಪೋಸ್ಟರುಗಳು, ಯಜಮಾನರು ಕೂತು ಕೂತು ಗುಂಡಿ ಬಿದ್ದ ಕುರ್ಚಿ. ಮೂಲೆಯಲ್ಲೊಂದು ಧೂಳು ಹಿಡಿದ ತಗಡಿನ ಪೆಟ್ಟಿಗೆ, ಅದರ ಮೇಲೆ ತಂತಿಯ ಟೀ ಲೋಟ. ಆಕೆ ಕುರ್ಚಿಯಲ್ಲಿ ಕೂತಳು. ಗುಂಡಿ ಆಕೆಗೆ ದೊಡ್ಡದಾಗಿತ್ತು. ಇನ್ನೊಬ್ಬರ ಚಪ್ಪಲಿಯಲ್ಲಿ ಕಾಲಿಟ್ಟ ಹಾಗೆ.

“ಮೈಕ್ ಆಫ್ ಮಾಡ್ತೀಯಾ?” ಎಂದು ತಂತಿಯನ್ನು ಕೇಳಿದಳು.

“ಆಫ್ ಮಾಡಿದ್ರೆ ಅದು ಮೌನ ಅಲ್ಲ ಅಮ್ಮಾ, ಕರೆಂಟ್ ಹೋದ ಹಾಗೆ. ಯಜಮಾನರಿಗೆ ಮೋಸ ಮಾಡಬಾರದು. ಮೈಕ್ ಆನ್ ಇರುತ್ತೆ, ನೀವು ಸುಮ್ನಿರಿ.”

ಮೌನಕ್ಕೆ ಹೆಡ್‌ಮಾಸ್ತರರು ಪೀಠಿಕೆ ಹಾಕಿದರು. ಮನುಷ್ಯ ಮಾತು ಕಲಿಯುವುದಕ್ಕೆ ಮುಂಚಿನ ಕಾಲದಿಂದ ಹಿಡಿದರು. ಯಜಮಾನರು ಹುಟ್ಟುವಷ್ಟರಲ್ಲಿ ಕಾರ್ಯಕ್ರಮದ ಅರ್ಧ ಹೊತ್ತು ಮುಗಿದಿತ್ತು. ತಂತಿ ಗಾಜಿನಾಚೆಯಿಂದ ಕೈ ಬೀಸಿದ. ಅವರು ಅದನ್ನು ಪ್ರೋತ್ಸಾಹವೆಂದುಕೊಂಡರು. ಆಮೇಲೆ ಒನ್ಸ್ ಮೋರ್ ಒಂದು ಹಾಡನ್ನು ಎರಡು ಸಲ ಹಾಡಿದ. ಎರಡನೆಯ ಸಲ ತಾನೇ ಅತ್ತುಬಿಟ್ಟ. ನಾದಿನಿ ಅತ್ತಿಗೆಯ ಭುಜ ಚಿವುಟಿ ಕಿವಿಯಲ್ಲಿ, “ನೋಡಿ ಕಲೀರಿ,” ಎಂದಳು.

ಕೊನೆಗೆ ಒಂದೇ ನಿಮಿಷ ಉಳಿಯಿತು. ತಂತಿ ಬೆರಳೆತ್ತಿದ. ಎಲ್ಲರೂ ಬಾಯಿ ಮುಚ್ಚಿದರು.

ಮೌನ ಬಂತು.

ಹೇಗಿರುತ್ತದೆ ಎಂಬುದನ್ನು ಆಕೆ ಮರೆತೇಬಿಟ್ಟಿದ್ದಳು. ಮೊದಲು ತನ್ನ ಉಸಿರು ಕೇಳಿಸಿತು. ಆಮೇಲೆ ಎದೆಯ ಬಡಿತ. ಆಮೇಲೆ ಕಚೇರಿ ಮುಗಿಸಿ ತಡವಾಗಿ ಬಂದ ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಎಲ್ಲೋ ಒಳಗಿನಿಂದ ಕೇಳಿಸಿತು. ಒಮ್ಮೆಗೇ ಹದಿನೈದು ಜನ ವಾದ್ಯದವರನ್ನು ಊಟಕ್ಕೆ ಕರೆತಂದು ಬಾಗಿಲಲ್ಲೇ ಮುಖ ಸಣ್ಣದು ಮಾಡಿಕೊಂಡು ನಿಂತದ್ದು ನೆನಪಾಯಿತು. ಸರದಿ ಕಾದಿದ್ದ ಅಳು ಕದಲಿತು. ಮೂಗಿನ ತುದಿ ಬಿಸಿಯಾಯಿತು. ಬಂತು, ಇನ್ನೇನು ಬಂತು ಎನ್ನುವಾಗ ಮೂಲೆಯ ತಗಡಿನ ಪೆಟ್ಟಿಗೆ ‘ಟಕ್’ ಎಂದಿತು.

“ಕೇಳುಗರೇ, ಗಾಬರಿ ಬೇಡ. ನಾನು ಇಲ್ಲೇ ಇದ್ದೀನಿ.”

ಯಜಮಾನರ ದನಿ.

ಒನ್ಸ್ ಮೋರ್ ಗೋಡೆಗೆ ಅಂಟಿಕೊಂಡ. ಹೆಡ್‌ಮಾಸ್ತರರು ಎದ್ದುನಿಂತರು. ತಂತಿಯ ಬಾಯಿ ತೆರೆದೇ ಉಳಿಯಿತು, ಏಕೆಂದರೆ ಅವನಿಗೀಗ ನೆನಪಾಗಿತ್ತು. ವರ್ಷಗಳ ಹಿಂದೆ ಉದ್ಘೋಷಕನೊಬ್ಬ ಮೈಕಿನ ಮುಂದೆ ನಿದ್ದೆ ಹೋಗಿ ಕೇಂದ್ರ ಮೂಕವಾದಾಗ ಯಜಮಾನರೇ ಇಡಿಸಿದ ಕಾವಲು ಯಂತ್ರ ಅದು. ಇಪ್ಪತ್ತು ಎಣಿಸುವಷ್ಟು ಹೊತ್ತು ಸದ್ದಿಲ್ಲದಿದ್ದರೆ ತಾನಾಗಿಯೇ ಮಾತಾಡತೊಡಗುತ್ತದೆ. ಅದರೊಳಗಿನ ಟೇಪಿಗೆ ಅವರು ಬಾಗಿಲು ಹಾಕಿಕೊಂಡು ಒಬ್ಬರೇ ದನಿ ಕೊಟ್ಟಿದ್ದರು. ಅವರಿದ್ದಷ್ಟು ದಿನ ಕೇಂದ್ರದಲ್ಲಿ ಅಷ್ಟು ಹೊತ್ತು ಮೌನವೆಂಬುದೇ ಇರದೆ, ಪೆಟ್ಟಿಗೆ ಟೀ ಲೋಟ ಹೊರುವುದಷ್ಟನ್ನೇ ಮಾಡಿಕೊಂಡಿತ್ತು.

“ತಂತಿ ಎಲ್ಲೋ ಟೀ ಕುಡಿಯೋಕೆ ಹೋಗಿರ್ಬೇಕು,” ದನಿ ಮುಂದುವರಿಯಿತು. “ಅವನು ಬರೋವರೆಗೂ ನಮ್ಮನೆಯವಳ ವಿಷಯ ಹೇಳ್ತೀನಿ. ಅವಳಿಗೆ ಒಂದು ಮಾತು ಹೇಳ್ಬೇಕು ಅಂತ ಎಷ್ಟೋ ವರ್ಷದಿಂದ ಇದೆ. ಎದುರಿಗೆ ಬಾಯೇ ಬರಲ್ಲ. ಅದೇನಪ್ಪಾ ಅಂದ್ರೆ…”

ಸಾರು, ಚಪ್ಪಲಿ, ತರಕಾರಿಯವನ ನಗು, ಎಲ್ಲ ಒಟ್ಟಿಗೆ ಆಕೆಯ ಕಣ್ಣ ಮುಂದೆ ಬಂದವು. ಇನ್ನು ಯಾವುದನ್ನು ಬಯಲು ಮಾಡುತ್ತಾರೋ? ಅಭ್ಯಾಸಬಲ. ತಡೆಯುವ ಮುಂಚೆಯೇ ಬಾಯಿಯಿಂದ ಬಂದಿತ್ತು:

“ಒಂದ್ನಿಮಿಷ ಸುಮ್ನಿರೋಕೆ ಆಗಲ್ವಾ ನಿಮಗೆ? ಸಾಕು ಮಾಡಿ.”

ಮೈಕ್ ಆನ್ ಇತ್ತು.

ತಂತಿ ಓಡಿಬಂದು ಪೆಟ್ಟಿಗೆಯ ವೈರು ಕಿತ್ತ. ಆಮೇಲೆ ಉಳಿದ ಮೌನಕ್ಕೆ ಯಾರ ಪೀಠಿಕೆಯೂ ಬೇಕಾಗಲಿಲ್ಲ. ನಿಮಿಷ ಮುಗಿದ ಮೇಲೂ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ.

ಮನೆಗೆ ಬಂದವಳೇ ನಾದಿನಿ ಚೀಲಕ್ಕೆ ಬಟ್ಟೆ ತುರುಕಿದಳು.

“ಅಳಲಿಲ್ಲ ಅಂತ ಮಾತ್ರ ಅಂದ್ಕೊಂಡಿದ್ದೆ. ಸತ್ತವನನ್ನ ಊರೆಲ್ಲಾ ಕೇಳೋ ಹಾಗೆ ಗದರಿಸಿದ್ರಲ್ಲ ಅತ್ತಿಗೆ. ಹಾಲಿನವಳಿಗೆ ಮುಖ ತೋರಿಸೋದು ಹೇಗೆ? ನಾನು ಆರು ಗಂಟೆ ಬಸ್ಸಿಗೆ ಹೊರಟೆ.”

ಹೊರಟೇಹೋದಳು. ಅವಳ ಹಿಂದೆಯೇ, ಸಮಾಧಾನ ಹೇಳಲು ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದರು. ಇಂಥವಳಿಗೆ ಸಮಾಧಾನ ಯಾಕೆ ಎಂದು ಗೇಟಿನ ಹತ್ತಿರ ಯಾರೋ ಅಂದದ್ದು ಕೇಳಿಸಿತು.

ಮನೆ ನಿಶ್ಶಬ್ದವಾಯಿತು. ಬೆಳಗ್ಗೆ ಬೇಡಿಕೊಂಡಿದ್ದು ಸಂಜೆಗೆ ಮನೆ ತುಂಬ ಸಿಕ್ಕಿತ್ತು. ಆಕೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಅದೇನಪ್ಪಾ ಅಂದ್ರೆ. ಅದೇನಪ್ಪಾ ಅಂದ್ರೆ. ಮೌನದಲ್ಲಿ ಅದೊಂದೇ ಮಾತು ಸುತ್ತುತ್ತಿತ್ತು. ಊರಿಗೆಲ್ಲ ಬಾಯಿಬಿಟ್ಟು ಹೇಳುತ್ತಿದ್ದ ಮನುಷ್ಯ, ಎದುರಿಗೆ ಹೇಳಲಾರದೆ, ಯಾರೂ ಎಂದೂ ಕೇಳಲಾರದ ಪೆಟ್ಟಿಗೆಯಲ್ಲಿ ಬಚ್ಚಿಟ್ಟದ್ದು ಉಪ್ಪಿನ ವಿಷಯ ಇರಲಾರದು ಎಂದು ಈಗ ಹೊಳೆಯಿತು. ಎದ್ದು ಫೋನು ಮಾಡಿದಳು.

“ತಂತಿ, ಆ ಟೇಪು…”

“ಅದರ ಚಿಂತೆ ಬಿಡಿ ಅಮ್ಮಾ,” ಎಂದ ತಂತಿ ಅಕ್ಕರೆಯಿಂದ. “ಆಗಲೇ ಅಳಿಸ್ಬಿಟ್ಟೆ. ನೀವು ಸಾಕು ಮಾಡಿ ಅಂದ್ರಲ್ಲ. ಇನ್ನು ಯಾವತ್ತೂ ನಿಮಗೆ ತೊಂದ್ರೆ ಇಲ್ಲ.”

“ಮುಂದೆ ಏನು ಹೇಳಿದ್ರು, ಕೇಳಿದ್ಯಾ?”

“ಛೆ, ಗಂಡ ಹೆಂಡ್ತಿ ಮಾತು ನಾನು ಕೇಳ್ತೀನಾ? ದನಿ ಮುಚ್ಚಿಯೇ ಅಳಿಸಿದೆ. ಖಾಲಿ ಬಿಡಬಾರದು ಅಂತ ಅದರ ಮೇಲೆ, ವೈರು ಕಿತ್ತ ಮೇಲೆ ಹಿಡಿದಿಟ್ಟ ನಿಮ್ಮ ಮೌನಾನೇ ತುಂಬಿಸಿದ್ದೀನಿ ಅಮ್ಮಾ. ಪೂರ್ತಿ ಒಂದು ನಿಮಿಷ. ಬಹಳ ಚೆನ್ನಾಗಿ ಬಂದಿದೆ.”

ಫೋನು ಇಟ್ಟಳು. ಸುಮ್ಮನೆ ನಿಂತು, ತುಟಿ ಅಲುಗಿಸದೆ ಎಣಿಸಿದಳು. ಇಪ್ಪತ್ತು ಆಯಿತು. ಮೂಲೆಯಲ್ಲಿ ಏನೂ ‘ಟಕ್’ ಎನ್ನಲಿಲ್ಲ. ಗಾಬರಿ ಬೇಡ, ನಾನು ಇಲ್ಲೇ ಇದ್ದೀನಿ ಎಂದು ಯಾರೂ ಹೇಳಲಿಲ್ಲ.

ಆಗ ಅಳು ಬಂತು. ಎರಡು ವಾರದ್ದು ಅಷ್ಟೂ ಒಟ್ಟಿಗೇ ಬಂತು. ನೋಡಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾದಿನಿಯ ಬಸ್ಸು ಊರು ದಾಟಿಯಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಹೆಡ್‌ಮಾಸ್ತರರು ಗೋಡೆಯಾಚೆಯಿಂದ ತಟ್ಟಿದರು.

“ತಾಯಿ, ಆ ರೇಡಿಯೋ ಸ್ವಲ್ಪ ಸಣ್ಣ ಮಾಡ್ತೀರಾ? ಯಾವುದೋ ನಾಟಕ ಅಂತ ಕಾಣುತ್ತೆ. ಅಳು ಒಂಚೂರೂ ಸಹಜವಾಗಿಲ್ಲ.”